ನಿದ್ರೆಯ ನಡುವೆಯೂ ದಾರಿ ತೋರಿದ ಹ್ಯಾರಿಯೆಟ್ ಟಬ್‌ಮನ್

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಸುಮಾರು 1822ರಲ್ಲಿ ಗುಲಾಮ ದಂಪತಿಗೆ ಜನಿಸಿದ ಅರಮಿಂಟಾ ರಾಸ್, ಮುಂದೆ ಹ್ಯಾರಿಯೆಟ್ ಟಬ್‌ಮನ್ ಎಂಬ ಹೆಸರಿನಿಂದ ಲೋಕವಿಖ್ಯಾತರಾದರು. ನೂರಾರು ಜನರಿಗೆ ಬಿಡುಗಡೆಯ ಹಾದಿ ತೋರಿದ ಈ ಮಹಿಳೆ, ಹಗಲಲ್ಲೇ ಎರಗುವ ನಿದ್ರೆಯೊಂದಿಗೆ ಜೀವನಪರ್ಯಂತ ಹೋರಾಡಿದರು.

ಹದಿಹರೆಯದಲ್ಲಿ ಅಂಗಡಿಯೊಂದರಲ್ಲಿ, ಓಡಿಹೋಗುತ್ತಿದ್ದ ಗುಲಾಮನತ್ತ ಮೇಲ್ವಿಚಾರಕ ಎಸೆದ ಎರಡು ಪೌಂಡ್ ತೂಕದ ಬಟ್ಟು ಗುರಿ ತಪ್ಪಿ ಅವರ ತಲೆಗೆ ಬಡಿಯಿತು. ಚಿಕಿತ್ಸೆ ದೊರೆಯಲಿಲ್ಲ; ಗಾಯ ಮಾಯುವ ಮೊದಲೇ ಮತ್ತೆ ಹೊಲಕ್ಕೆ ಅಟ್ಟಲಾಯಿತು. ಅಂದಿನಿಂದ ಮಾತಿನ ನಡುವೆಯೇ ಗಾಢ ನಿದ್ರೆಗೆ ಜಾರತೊಡಗಿದರು. ಎಬ್ಬಿಸಿದರೂ ಎಚ್ಚರವಾಗುತ್ತಿರಲಿಲ್ಲ. ಎಚ್ಚರವಾದಾಗ ಬಿಟ್ಟ ಮಾತನ್ನೇ ಮುಂದುವರಿಸುತ್ತಿದ್ದರು.

ಆ ನಿದ್ರೆಯಲ್ಲಿ ಕನಸುಗಳು ಕಣ್ಣಿಗೆ ಕಟ್ಟಿದಂತೆ ಮೂಡುತ್ತಿದ್ದವು. ಕುದುರೆ ಸವಾರರು ನುಗ್ಗಿಬರುವ, ಹೆಂಗಸರು ಮಕ್ಕಳು ಚೀರುವ ದುಃಸ್ವಪ್ನ ಒಂದು. ಹಕ್ಕಿಯಂತೆ ಹೊಲ, ನದಿಗಳ ಮೇಲೆ ಹಾರುತ್ತಾ ಶಕ್ತಿಗುಂದಿದಾಗ ಬಿಳಿಯುಡುಗೆಯ ಮಹಿಳೆಯರು ಕೈಚಾಚಿ ಆಚೆಗೆ ಸೆಳೆದುಕೊಳ್ಳುವ ಕನಸು ಇನ್ನೊಂದು. ಇವೆಲ್ಲ ದೇವರು ನೀಡುವ ಸೂಚನೆಗಳೆಂದೇ ಅವರು ನಂಬಿದ್ದರು.

1849ರಲ್ಲಿ ಫಿಲಡೆಲ್ಫಿಯಾಕ್ಕೆ ತಪ್ಪಿಸಿಕೊಂಡ ಹ್ಯಾರಿಯೆಟ್ ಸುಮ್ಮನೆ ಕೂರಲಿಲ್ಲ. 1860ರೊಳಗೆ ಸುಮಾರು 13 ಬಾರಿ ಮೇರಿಲ್ಯಾಂಡ್‌ಗೆ ಮರಳಿ, ಸುಮಾರು 70 ಜನರನ್ನು ಗುಟ್ಟಾಗಿ ಕರೆತಂದರು. ದಾರಿಯ ನಡುವೆಯೇ ನಿದ್ರೆ ಆವರಿಸಿದರೆ, ಬೆನ್ನಟ್ಟುವವರ ಭಯದಲ್ಲೂ ಸಂಗಡಿಗರು ಉಸಿರು ಬಿಗಿಹಿಡಿದು ಕಾಯಬೇಕಿತ್ತು. ಆದರೂ ಅವರ ತಂಡದ ಒಬ್ಬರೂ ಸೆರೆಸಿಗಲಿಲ್ಲ. ಅಂತರ್ಯುದ್ಧದಲ್ಲಿ, 1863ರ ಜೂನ್‌ನಲ್ಲಿ, ದಕ್ಷಿಣ ಕೆರೊಲಿನಾದ ಕಂಬಾಹೀ ನದಿಯ ಸೇನಾ ದಾಳಿಗೆ ಅವರು ಮಾರ್ಗದರ್ಶಿಯಾದರು. ಅಂದು 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆ ಹೊಂದಿದರು.

ಹಗಲಲ್ಲಿ ತಡೆಯಲಾಗದಂತೆ ನಿದ್ರೆ ಬರುವ ರೋಗಕ್ಕೆ ಫ್ರೆಂಚ್ ವೈದ್ಯ ಜೆಲಿನೊ 'ನಾರ್ಕೊಲೆಪ್ಸಿ' ಎಂದು ಹೆಸರಿಟ್ಟಿದ್ದು 1880ರಲ್ಲಿ. ಈ ರೋಗಿಗಳಲ್ಲಿ ನಿದ್ರೆ ಹತ್ತಿದ ಕೆಲವೇ ನಿಮಿಷಗಳಲ್ಲಿ ಕನಸಿನ ಹಂತ ಆರಂಭವಾಗಬಹುದು. ಕನಸು ಮತ್ತು ಎಚ್ಚರದ ನಡುವಿನ ಗೆರೆ ತೆಳುವಾಗುತ್ತದೆ. ಹೀಗಾಗಿ ಅವರಿಗೆ ದುಃಸ್ವಪ್ನಗಳು ಹೆಚ್ಚು. ಕಾಣುತ್ತಿರುವುದು ಕನಸೆಂದು ಕನಸಿನಲ್ಲೇ ಅರಿಯುವ ಅನುಭವವೂ ಇತರರಿಗಿಂತ ಹೆಚ್ಚು. ಹ್ಯಾರಿಯೆಟ್‌ರದು ಇದೇ ರೋಗವೆಂದು ಕೆಲವರು ಊಹಿಸಿದ್ದಾರೆ. ತಲೆಗೆ ಬಿದ್ದ ಪೆಟ್ಟಿನಿಂದ ಬಂದ ಒಂದು ಬಗೆಯ ಅಪಸ್ಮಾರವೆಂಬುದು ಹಲವು ಜೀವನಚರಿತ್ರಕಾರರ ಅಭಿಪ್ರಾಯ. ಅಂದು ಪರೀಕ್ಷೆಯೇ ನಡೆಯದ ಕಾರಣ ಖಚಿತ ಉತ್ತರ ಅಸಾಧ್ಯ.

ನೋವು ಮಾತ್ರ ನಿಜವಾಗಿತ್ತು. ವೃದ್ಧಾಪ್ಯದಲ್ಲಿ ಅದನ್ನು ತಾಳಲಾರದೆ ಬಾಸ್ಟನ್‌ನಲ್ಲಿ ತಲೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ಬಡವರಿಗೂ ವೃದ್ಧರಿಗೂ ಆಸರೆಯಾಗಿ ಬಾಳಿ, 1913ರ ಮಾರ್ಚ್ 10ರಂದು ಕೊನೆಯುಸಿರೆಳೆದರು. ಗುಲಾಮಗಿರಿ ಮಾಡಿದ ಗಾಯ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅದರೊಂದಿಗೇ ಅವರು ಇತರರನ್ನು ಬಿಡಿಸಿದರು.