ತಾಯಂದಿರ ರಕ್ಷಕ ಸೆಮ್ಮೆಲ್‌ವೈಸ್

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ನಾಡು ರಾಯಚೂರು. ದೇವದುರ್ಗ, ಮಾನ್ವಿ ಮೊದಲಾದ ಊರುಗಳಲ್ಲಿ ಕಾಯಿಲೆ ಉಲ್ಬಣಿಸಿದವರನ್ನು ರಾಯಚೂರು ನಗರದ ದೊಡ್ಡ ಆಸ್ಪತ್ರೆಗಳಿಗೆ ಕರೆತರುವುದುಂಟು. ಅಂಥ ರೋಗಿಗೆ ಕೆಲವೊಮ್ಮೆ ಕೊರಳಿನ ಅಥವಾ ಎದೆಯ ದೊಡ್ಡ ಅಭಿಧಮನಿಯೊಳಗೆ ತೆಳುವಾದ ನಳಿಕೆಯೊಂದನ್ನು ಸೇರಿಸಬೇಕಾಗುತ್ತದೆ. ಸೆಂಟ್ರಲ್ ಲೈನ್ ಎಂಬ ಹೆಸರಿನ ಈ ನಳಿಕೆಯ ತುದಿ ಹೃದಯದ ಸಮೀಪದವರೆಗೆ ಹೋಗುತ್ತದೆ. ಔಷಧವು ಈ ದಾರಿಯಲ್ಲಿ ಬೇಗನೆ ರಕ್ತವನ್ನು ಸೇರುವಂತೆಯೇ, ಎಚ್ಚರ ತಪ್ಪಿದರೆ ರೋಗಾಣುವೂ ಸೇರಬಹುದು. ರಕ್ತಕ್ಕೆ ನಂಜೇರಿ ಪ್ರಾಣಕ್ಕೇ ಸಂಚಕಾರ ಬರಬಹುದು. ಆದುದರಿಂದ ನಳಿಕೆಯನ್ನು ಮುಟ್ಟುವ ಮುನ್ನ ವೈದ್ಯರೂ ದಾದಿಯರೂ ಕೈಗಳನ್ನು ಶುಚಿಗೊಳಿಸಿಕೊಳ್ಳಬೇಕೆಂಬುದು ಮೊದಲ ನಿಯಮ. ಇಂದು ಸರ್ವಸಾಮಾನ್ಯವೆನಿಸಿರುವ ಈ ನಿಯಮಕ್ಕಾಗಿ ತನ್ನ ಬಾಳನ್ನೇ ತೆತ್ತವನು ಇಗ್ನಾಜ್ ಸೆಮ್ಮೆಲ್‌ವೈಸ್.

ಸೆಮ್ಮೆಲ್‌ವೈಸನು 1818ರ ಜುಲೈ 1ರಂದು ಹಂಗೇರಿಯ ಬುಡಾ ನಗರದಲ್ಲಿ ದಿನಸಿ ವರ್ತಕನೊಬ್ಬನ ಮಗನಾಗಿ ಜನಿಸಿದನು. ಕಾನೂನು ಕಲಿಯಲೆಂದು 1837ರಲ್ಲಿ ವಿಯೆನ್ನಾ ನಗರಕ್ಕೆ ಹೋದ ಅವನ ಮನಸ್ಸು ವೈದ್ಯಶಾಸ್ತ್ರದ ಕಡೆಗೆ ತಿರುಗಿತು. 1844ರಲ್ಲಿ ವೈದ್ಯ ಪದವಿಯನ್ನು ಪಡೆದು, 1846ರಲ್ಲಿ ಅಲ್ಲಿನ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕನಾದನು.

ಆ ಆಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲ ವಿಭಾಗದ 4010 ತಾಯಂದಿರಲ್ಲಿ 459 ಮಂದಿ ಅಸುನೀಗಿದರೆ, ಎರಡನೆಯದರ 3754 ಮಂದಿಯಲ್ಲಿ ಸತ್ತವರು 105. ಬಹುಪಾಲು ಸಾವುಗಳಿಗೆ ಬಾಣಂತಿ ಜ್ವರವೇ ಕಾರಣವಾಗಿತ್ತು. ಮೊದಲ ವಿಭಾಗದ ಹೆಸರು ಕೇಳಿದರೆ ಬಡ ಗರ್ಭಿಣಿಯರು ನಡುಗುತ್ತಿದ್ದರು. ಅಲ್ಲಿಗೆ ಸೇರಿಸಬೇಡಿರೆಂದು ಮೊಣಕಾಲೂರಿ ಅಂಗಲಾಚುತ್ತಿದ್ದರು. ದಾರಿಯಲ್ಲಿಯೇ ಹೆತ್ತು ಬಂದವರೂ ಆ ವಿಭಾಗದೊಳಗೆ ಹೆತ್ತವರಿಗಿಂತ ಹೆಚ್ಚಾಗಿ ಬದುಕುಳಿಯುತ್ತಿದ್ದರು. ಈ ದೃಶ್ಯ ತರುಣ ವೈದ್ಯನ ನೆಮ್ಮದಿಯನ್ನು ಕಸಿದುಕೊಂಡಿತು.

ಕೆಟ್ಟ ಗಾಳಿಯೇ ಈ ರೋಗಕ್ಕೆ ಕಾರಣವೆಂಬುದು ಅಂದಿನ ಪಂಡಿತರ ಅಭಿಮತ. ಆದರೆ ಎರಡು ವಿಭಾಗಗಳಿಗೂ ಗಾಳಿ ಒಂದೇ ಆಗಿತ್ತು. ಜನಸಂದಣಿಯೇ ಕಾರಣವೆನ್ನೋಣವೆಂದರೆ ಎರಡನೆಯ ವಿಭಾಗವೇ ಹೆಚ್ಚು ಕಿಕ್ಕಿರಿದಿತ್ತು. ಸೆಮ್ಮೆಲ್‌ವೈಸನು ಒಂದೊಂದು ಊಹೆಯನ್ನೂ ಒರೆಗೆ ಹಚ್ಚಿ ಕೈಬಿಡುತ್ತ ಹೋದನು.

1847ರ ಮಾರ್ಚ್ ತಿಂಗಳಿನಲ್ಲಿ ಅವನ ಆಪ್ತಮಿತ್ರ ಪ್ರಾಧ್ಯಾಪಕ ಕೊಲೆಚ್ಕ ತೀರಿಕೊಂಡನು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಕತ್ತಿ ಅವನ ಬೆರಳಿಗೆ ತಗುಲಿ ಗಾಯ ನಂಜಾಗಿತ್ತು. ಅವನ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿ ಜ್ವರದಿಂದ ಸತ್ತವರ ದೇಹದಲ್ಲಿ ಕಾಣುತ್ತಿದ್ದಂಥವೇ ಆಗಿದ್ದವು. ಮಿತ್ರವಿಯೋಗದ ದುಃಖದ ನಡುವೆಯೇ ಸೆಮ್ಮೆಲ್‌ವೈಸನಿಗೆ ಸತ್ಯ ಹೊಳೆಯಿತು. ಶವಗಳನ್ನು ಮುಟ್ಟಿದ ಕೈಗಳಿಂದಲೇ ವೈದ್ಯರೂ ವಿದ್ಯಾರ್ಥಿಗಳೂ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರಿಗೆ ಶವಾಗಾರದ ಕೆಲಸವಿರಲಿಲ್ಲ. ಗುಣಪಡಿಸಬೇಕಾದ ಕೈಯೇ ಸಾವನ್ನು ಹೊತ್ತು ತರುತ್ತಿತ್ತು! ಆ ಕೈಗಳಲ್ಲಿ ತನ್ನವೂ ಸೇರಿದ್ದವೆಂಬುದನ್ನು ಅವನು ಮರೆಮಾಚಲಿಲ್ಲ.

ಅದೇ ವರ್ಷದ ಮೇ ತಿಂಗಳ ನಡುವಿನಿಂದ, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈತೊಳೆಯದೆ ಯಾರೂ ಗರ್ಭಿಣಿಯರನ್ನು ಮುಟ್ಟಕೂಡದೆಂದು ಅವನು ಕಟ್ಟಪ್ಪಣೆ ಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವಿನ ಪ್ರಮಾಣ ಜೂನಿನಲ್ಲಿ ಸುಮಾರು 2ಕ್ಕೆ ಇಳಿಯಿತು. 1848ರ ಎರಡು ತಿಂಗಳುಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ಆದರೂ ಲೋಕ ಅವನನ್ನು ಕೊಂಡಾಡಲಿಲ್ಲ. ರೋಗಾಣುಗಳ ವಿಷಯ ಅಂದು ತಿಳಿದಿರಲಿಲ್ಲ. ತಮ್ಮ ಕೈಗಳೇ ಅಪರಾಧಿಗಳೆಂಬ ಮಾತು ಹಿರಿಯ ವೈದ್ಯರಿಗೆ ಸಹನೆಯಾಗಲಿಲ್ಲ. ಸೆಮ್ಮೆಲ್‌ವೈಸನೂ ತನ್ನ ಸಂಶೋಧನೆಯನ್ನು ಬರೆದು ಪ್ರಕಟಿಸಲು ಬಹುಕಾಲ ಹಿಂಜರಿದನು. 1849ರಲ್ಲಿ ಅವನ ಹುದ್ದೆಯ ಅವಧಿ ಮುಂದುವರಿಯಲಿಲ್ಲ. ಮರುವರ್ಷ ಮನನೊಂದು ತಾಯ್ನಾಡಿಗೆ ಮರಳಿದನು. ಪೆಸ್ಟ್ ನಗರದ ಆಸ್ಪತ್ರೆಯಲ್ಲಿಯೂ ಕೈತೊಳೆಯುವ ಕ್ರಮವನ್ನು ಜಾರಿಗೆ ತಂದು ಬಾಣಂತಿ ಜ್ವರವನ್ನು ಹತೋಟಿಗೆ ತಂದನು. 1855ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದನು. 1861ರಲ್ಲಿ ಬೆಳಕು ಕಂಡ ಅವನ ಗ್ರಂಥವನ್ನು ಬಹುಮಂದಿ ಪಂಡಿತರು ತಿರಸ್ಕರಿಸಿದರು. ತಾಯಂದಿರು ಸಾಯುತ್ತಲೇ ಇರುವುದನ್ನು ಕಂಡು ಕೆರಳಿದ ಅವನು, ವಿರೋಧಿಗಳನ್ನು ಕೊಲೆಗಾರರೆಂದು ನಿಂದಿಸಿ ಬಹಿರಂಗ ಪತ್ರಗಳನ್ನು ಬರೆದನು. ಆ ಕಟುನುಡಿಗಳು ವಿರೋಧವನ್ನು ಇನ್ನಷ್ಟು ಹೆಚ್ಚಿಸಿದವು.

ಕ್ರಮೇಣ ಅವನ ಮನಸ್ಸಿನ ಸಮತೋಲ ತಪ್ಪಿತು. 1865ರ ಜುಲೈನಲ್ಲಿ ಅವನನ್ನು ವಿಯೆನ್ನಾದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. ಎರಡು ವಾರಗಳಲ್ಲಿಯೇ, ಆಗಸ್ಟ್ 13ರಂದು, ಗಾಯದ ನಂಜು ರಕ್ತಕ್ಕೇರಿ ಅವನು ಮೃತನಾದನು. ಯಾವ ನಂಜಿನಿಂದ ಸಾವಿರಾರು ತಾಯಂದಿರನ್ನು ಉಳಿಸಲು ಹೆಣಗಿದನೋ ಅದೇ ನಂಜು ಅವನನ್ನು ಬಲಿತೆಗೆದುಕೊಂಡುದು ವಿಧಿಯ ವಿಪರ್ಯಾಸ. ಅದರ ಹಿಂದಿನ ದಿನವಷ್ಟೇ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರನು ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲವನ್ನು ಬಳಸಿ ನಂಜುನಿವಾರಕ ಚಿಕಿತ್ಸೆಗೆ ಅಡಿಪಾಯ ಹಾಕಿದ್ದನು. 1879ರಲ್ಲಿ ಲೂಯಿ ಪಾಶ್ಚರನು ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿಕೊಟ್ಟನು. ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾಲಯ 1969ರಿಂದ ಸೆಮ್ಮೆಲ್‌ವೈಸನ ಹೆಸರನ್ನು ಹೊತ್ತಿದೆ.

ಅವನ ಪಾಠ ಹಳೆಯದಾಗಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಸೆಂಟ್ರಲ್ ಲೈನಿನ ವಿಷಯದಲ್ಲಿ ಐದು ನಿಯಮಗಳನ್ನು ಪಾಲಿಸಲಾಯಿತು. ಕೈತೊಳೆಯುವುದು, ಶುದ್ಧೀಕರಿಸಿದ ನಿಲುವಂಗಿ, ಕೈಗವಸು ಮುಂತಾದವನ್ನು ಧರಿಸುವುದು, ರೋಗಿಯ ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಒರೆಸುವುದು, ಸಾಧ್ಯವಾದಷ್ಟೂ ತೊಡೆಸಂದಿನ ರಕ್ತನಾಳವನ್ನು ಬಿಡುವುದು, ಅಗತ್ಯ ತೀರಿದೊಡನೆ ನಳಿಕೆಯನ್ನು ತೆಗೆಯುವುದು – ಇವೇ ಆ ನಿಯಮಗಳು. ನಿಯಮ ತಪ್ಪಿದ ವೈದ್ಯನನ್ನು ತಡೆಯುವ ಅಧಿಕಾರ ದಾದಿಯರಿಗಿತ್ತು. ರಕ್ತದ ಸೋಂಕು ಸುಮಾರು ಮೂರರಲ್ಲಿ ಎರಡು ಪಾಲು ಇಳಿಯಿತೆಂದು 2006ರಲ್ಲಿ ಪ್ರಕಟವಾಯಿತು. ಸೆಮ್ಮೆಲ್‌ವೈಸನು ಒಂಟಿಯಾಗಿ ಹೇಳಿದ್ದನ್ನು ಅಲ್ಲಿ ಎಲ್ಲರೂ ಕೂಡಿ ಪಾಲಿಸಿದರು.

ದೇವದುರ್ಗದಿಂದಲೋ ಮಾನ್ವಿಯಿಂದಲೋ ಬಂದ ರೋಗಿಯ ಹಾಸಿಗೆಯ ಬಳಿ ದಾದಿಯೊಬ್ಬಳು ಕೈತೊಳೆದು ಮುಂದಿನ ಕೆಲಸಕ್ಕೆ ತೊಡಗುವಾಗ, ಆ ಮಹನೀಯನ ಶ್ರಮ ಸಾರ್ಥಕವಾಗುತ್ತದೆ. ದೊಡ್ಡ ಸತ್ಯಗಳು ಕೆಲವೊಮ್ಮೆ ಇಂಥ ಚಿಕ್ಕ ಕೆಲಸಗಳಲ್ಲಿಯೇ ಅಡಗಿರುತ್ತವೆ.