ಪರೀಕ್ಷೆಗೆ ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆಯೇ? ಉತ್ತರ ಹುಡುಕಿದ ಡಾ. ಡ್ಯೂಕ್ಸ್ ಕಥೆ

ಗಡ್ಡೆಯಿಂದ ಚೂರು ತೆಗೆದು ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತದೆ ಎಂಬ ಸಂದೇಶ ನಿಮಗೂ ಬಂದಿರಬಹುದು. ಮಲದಲ್ಲಿ ರಕ್ತ ಕಂಡರೆ ಉಷ್ಣ ಆಗಿದೆ, ಇಲ್ಲವೇ ಮೂಲವ್ಯಾಧಿ ಎಂದು ಸುಮ್ಮನಾಗುವುದೂ ರೋಣ, ನರಗುಂದ, ಗಜೇಂದ್ರಗಡದ ಕಡೆ ಹೊಸದಲ್ಲ. ಇವೆರಡೂ ಸೇರಿದರೆ, ಬೇಗ ಸಿಕ್ಕರೆ ಗುಣವಾಗಬಲ್ಲ ದೊಡ್ಡ ಕರುಳಿನ ಕ್ಯಾನ್ಸರ್ ತಡವಾಗಿ ಪತ್ತೆಯಾಗುತ್ತದೆ. ಹಾಗಾದರೆ ಈ ರೋಗ ಹರಡುವುದು ಹೇಗೆ? ಅದನ್ನು ಹಂತ ಹಂತವಾಗಿ ತೋರಿಸಿದವರು ಲಂಡನ್ನಿನ ವೈದ್ಯ ಕತ್‌ಬರ್ಟ್ ಡ್ಯೂಕ್ಸ್. ಅವರ ಬದುಕನ್ನು ನೋಡೋಣ.

ಡ್ಯೂಕ್ಸ್ ಹುಟ್ಟಿದ್ದು 1890ರಲ್ಲಿ, ಇಂಗ್ಲೆಂಡಿನ ಪಾದ್ರಿಯೊಬ್ಬರ ಮನೆಯಲ್ಲಿ. ಅಣ್ಣ ಆಶ್ಲಿ ನಾಟಕಕಾರ. ಇನ್ನೊಬ್ಬ ಅಣ್ಣ ಪಾಲ್, ರಷ್ಯಾದಲ್ಲಿ ವೇಷ ಮರೆಸಿಕೊಂಡು ಓಡಾಡಿದ ಬ್ರಿಟಿಷ್ ಗೂಢಚಾರ. ಕತ್‌ಬರ್ಟ್ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, ಮೊದಲ ಮಹಾಯುದ್ಧದಲ್ಲಿ ಸೇನೆಯ ವೈದ್ಯರಾಗಿ ದುಡಿದರು. 1922ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಗೆ ಪೆಥಾಲಜಿಸ್ಟ್ ಆಗಿ ಸೇರಿದರು. ಕರುಳು ಮತ್ತು ಗುದದ ರೋಗಗಳಿಗೇ ಮೀಸಲಾದ ಆಸ್ಪತ್ರೆ ಅದು.

ಶಸ್ತ್ರಚಿಕಿತ್ಸಕರು ಕತ್ತರಿಸಿ ತೆಗೆದ ಕರುಳಿನ ತುಂಡುಗಳು ಡ್ಯೂಕ್ಸ್ ಮೇಜಿಗೆ ಬರುತ್ತಿದ್ದವು. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಅಕ್ಕಪಕ್ಕದ ಯಾವ ಲಿಂಫ್ ಗ್ರಂಥಿಗಳಲ್ಲಿ ಕ್ಯಾನ್ಸರ್ ಇದೆ ಎಂದು ಒಂದೊಂದನ್ನೂ ನೋಡಿ ದಾಖಲಿಸಿದರು. ಆಗ ಒಂದು ಕ್ರಮ ಕಂಡಿತು. ರೋಗ ಮೊದಲು ಕರುಳಿನ ಗೋಡೆಯೊಳಗೆ ಇಳಿಯುತ್ತದೆ, ಆಮೇಲೆ ಗೋಡೆ ದಾಟುತ್ತದೆ, ಹತ್ತಿರದ ಗ್ರಂಥಿಗಳನ್ನು ಸೇರುತ್ತದೆ. 1932ರಲ್ಲಿ ಅವರು ಇದನ್ನೇ ಎ, ಬಿ, ಸಿ ಎಂದು ಮೂರು ಹಂತ ಮಾಡಿದರು. ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದರೆ ಬಿ, ಗ್ರಂಥಿ ಸೇರಿದರೆ ಸಿ. ಎ ಹಂತದವರು ಬದುಕುಳಿಯುವ ಸಾಧ್ಯತೆ ಎಲ್ಲರಿಗಿಂತ ಹೆಚ್ಚು. ದೂರದ ಅಂಗಗಳಿಗೆ ಹರಡಿದ್ದನ್ನು ಹೇಳುವ ಡಿ ಹಂತವನ್ನು ಸೇರಿಸಿದ್ದು ನಂತರದವರು.

ಡ್ಯೂಕ್ಸ್ 1977ರಲ್ಲಿ ತೀರಿಕೊಂಡರು. ಇಂದು ವೈದ್ಯರು ಬಳಸುವುದು ಟಿಎನ್‌ಎಂ ಎಂಬ ಇನ್ನಷ್ಟು ವಿವರವಾದ ಪದ್ಧತಿಯನ್ನು. ಆದರೆ ಆಳ ಮತ್ತು ಗ್ರಂಥಿ ಎಂಬ ಅವರ ಎರಡು ಪ್ರಶ್ನೆ ಅದರಲ್ಲೂ ಉಳಿದಿವೆ.

ತೀರಾ ಆರಂಭದ ಕ್ಯಾನ್ಸರನ್ನು ಈಗ ಹೊಟ್ಟೆ ಕೊಯ್ಯದೆ, ಕೊಲೊನೋಸ್ಕೋಪಿಯಲ್ಲೇ ತೆಗೆಯಬಹುದು. ಇಂಥ 100 ಜನರಲ್ಲಿ ಸುಮಾರು 10 ಜನರಿಗೆ ಅಷ್ಟರಲ್ಲೇ ಗ್ರಂಥಿಗೆ ಹರಡಿರುತ್ತದೆ. ಆ 10 ಜನ ಯಾರಿರಬಹುದು ಎಂದು ಅಂದಾಜಿಸಲು ತೆಗೆದ ಚೂರೇ ಬೇಕು. ಗಡ್ಡೆ ಎಷ್ಟು ಆಳಕ್ಕೆ ಹೋಗಿದೆ, ರಕ್ತನಾಳ ಅಥವಾ ಲಿಂಫ್ ನಾಳದೊಳಗೆ ಕ್ಯಾನ್ಸರ್ ಕೋಶ ನುಗ್ಗಿದೆಯೇ, ಕೋಶಗಳ ರೂಪ ಎಷ್ಟು ಕೆಟ್ಟಿದೆ, ಗಡ್ಡೆಯ ಅಂಚಿನಿಂದ ಕೋಶಗಳ ಪುಟ್ಟ ಗುಂಪುಗಳು ಕಳಚಿಕೊಂಡಿವೆಯೇ ಎಂದು ಪೆಥಾಲಜಿಸ್ಟ್ ನೋಡುತ್ತಾರೆ. ಇವು ಯಾವುವೂ ಇಲ್ಲದೆ ಗಡ್ಡೆ ಪೂರ್ತಿ ಹೊರಬಂದಿದ್ದರೆ ಹೆಚ್ಚಿನವರಿಗೆ ದೊಡ್ಡ ಆಪರೇಷನ್ ಬೇಡ. ಇದ್ದರೆ ಕರುಳಿನ ಆ ಭಾಗವನ್ನು ಗ್ರಂಥಿಗಳ ಸಮೇತ ತೆಗೆಯುವ ಬಗ್ಗೆ ವೈದ್ಯರು ಮಾತಾಡುತ್ತಾರೆ.

ಅಂದರೆ ಚೂರು ತೆಗೆಯುವುದರಿಂದ ಈ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಹರಡುವ ಅಪಾಯ ತಿಳಿಯುವ ದಾರಿಯೇ ಅದು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದೆ ತೂಕ ಇಳಿಕೆ ಅಥವಾ ರಕ್ತಹೀನತೆ ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಹೆಚ್ಚಿನ ತಪಾಸಣೆ ಬೇಕಾದರೆ ಅಲ್ಲಿಂದ ಗದಗ ಇಲ್ಲವೇ ಹುಬ್ಬಳ್ಳಿ ದೂರವಲ್ಲ. ಬಯಾಪ್ಸಿ ವರದಿಯನ್ನು ಜೋಪಾನವಾಗಿಡಿ.

ಆ ಹಳೆಯ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ಓದಲು ಕೊಡಿ.