ಬೋರ್ಡೋ ಮದ್ದು ಕೊಟ್ಟ ಮಹನೀಯ ಮಿಲಾರ್ಡೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಪಾದಕ ಸಮಿತಿಯವರು ಒತ್ತಾಯ ಮಾಡಿದರು. ನಾನು ಎಸ್ಸೆಸ್ಸೆಲ್ಸಿಗೆ ಪುಸ್ತಕ ಕೆಳಗಿಟ್ಟು ಕತ್ತಿ ಹಿಡಿದವನು. ಆದರೂ ನಿರ್ದೇಶಕನಾಗಿ ಇಲ್ಲ ಎನ್ನುವ ಹಾಗಿಲ್ಲ. ಯಾರ ಬಗ್ಗೆ ಬರೆಯಲಿ ಎಂದು ಯೋಚಿಸುತ್ತಿದ್ದಾಗ ನಮ್ಮ ಗೋದಾಮಿನ ಮೂಲೆಯಲ್ಲಿದ್ದ ಮೈಲುತುತ್ತದ ಚೀಲಗಳು ಕಣ್ಣಿಗೆ ಬಿದ್ದವು. ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಸಂಘದ ಬಾಗಿಲಲ್ಲಿ ಮೈಲುತುತ್ತಕ್ಕೆ ಸಾಲು ನಿಲ್ಲುತ್ತೇವೆ. ಅದಕ್ಕೆ ಸುಣ್ಣ ಬೆರೆಸಿ ಬೋರ್ಡೋ ಮಾಡಿ ಅಡಿಕೆ ಕೊನೆಗೆ ಹೊಡೆಯುತ್ತೇವೆ. ಹೆಸರು ನಮಗೆಲ್ಲ ಬಾಯಿಪಾಠ. ಆದರೆ ಅದನ್ನು ಲೋಕಕ್ಕೆ ಕೊಟ್ಟವರು ಯಾರು, ಯಾಕೆ ಕೊಡಬೇಕಾಯಿತು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಓದಿ, ಕೇಳಿ ತಿಳಿದದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಹುಟ್ಟು ಮತ್ತು ವಿದ್ಯಾಭ್ಯಾಸ

ಆ ಮಹನೀಯರ ಪೂರ್ತಿ ಹೆಸರು ಪಿಯರ್ ಮರಿ ಅಲೆಕ್ಸಿ ಮಿಲಾರ್ಡೆ. ಫ್ರಾನ್ಸ್ ದೇಶದ ಪೂರ್ವ ಭಾಗದಲ್ಲಿ ಜ್ಯೂರಾ ಎಂಬ ಸೀಮೆ ಇದೆ. ಅಲ್ಲಿನ ಒಂದು ಸಣ್ಣ ಹಳ್ಳಿಯಲ್ಲಿ 1838ರ ಡಿಸೆಂಬರ್‌ನಲ್ಲಿ ಇವರು ಹುಟ್ಟಿದರು. ಗಿಡಮರಗಳ ಶಾಸ್ತ್ರ ಕಲಿಯಬೇಕೆಂಬ ಆಸೆಯಿಂದ ಜರ್ಮನಿಯ ಹೈಡಲ್‌ಬರ್ಗ್ ಮತ್ತು ಫ್ರೈಬರ್ಗ್ ಊರುಗಳಿಗೆ ಹೋದರು. ಫ್ರೈಬರ್ಗ್‌ನಲ್ಲಿ ಇವರಿಗೆ ಸಿಕ್ಕಿದ ಗುರು ಆಂಟನ್ ಡಿ ಬಾರಿ ಎಂಬ ದೊಡ್ಡ ವಿದ್ವಾಂಸರು.

ಈ ಗುರುವಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1845ರ ಹೊತ್ತಿಗೆ ಯುರೋಪಿನ ಆಲೂಗಡ್ಡೆಗೆ ಒಂದು ಅಂಗಮಾರಿ ರೋಗ ಬಂತು. ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದ ರೋಗ ಅದು. ಐರ್ಲೆಂಡ್ ದೇಶದಲ್ಲಿ ಬಡವರಿಗೆ ಆಲೂಗಡ್ಡೆಯೇ ಊಟ. ಅಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ಕಾಯಿಲೆಯಿಂದ ಸತ್ತರು. ಇನ್ನೂ ಹತ್ತು ಲಕ್ಷ ಜನ ಊರು ಬಿಟ್ಟು ಹೋದರು. ಹವೆ ಕೆಟ್ಟಿತು, ದೇವರು ಮುನಿದ ಎಂದೆಲ್ಲ ಜನ ಹೇಳುತ್ತಿದ್ದಾಗ, ಇದು ಕಣ್ಣಿಗೆ ಕಾಣದ ಬೂಷ್ಟಿನಂಥ ಜೀವಿಯಿಂದ ಬರುವ ರೋಗ ಎಂದು 1861ರಲ್ಲಿ ತೋರಿಸಿಕೊಟ್ಟವರು ಡಿ ಬಾರಿ. ಅಂಥವರ ಕೈಕೆಳಗೆ ಮಿಲಾರ್ಡೆ ಪಳಗಿದರು. ಸೂಕ್ಷ್ಮದರ್ಶಕದ ಮುಂದೆ ತಾಳ್ಮೆಯಿಂದ ಕೂರುವುದನ್ನು ಅಲ್ಲೇ ಕಲಿತರು.

1869ರಲ್ಲಿ ಸ್ಟ್ರಾಸ್‌ಬರ್ಗ್ ಊರಿನಲ್ಲಿ ಪ್ರಾಧ್ಯಾಪಕರಾದರು. ಮುಂದಿನ ವರ್ಷವೇ ಫ್ರಾನ್ಸಿಗೂ ಜರ್ಮನಿಗೂ ಯುದ್ಧ ಆಗಿ ಆ ಊರು ಜರ್ಮನಿಯ ಪಾಲಾಯಿತು. ಅವರು ಅಲ್ಲಿಂದ ನಾನ್ಸಿಗೆ ಬಂದರು. 1876ರಲ್ಲಿ ಬೋರ್ಡೋ ನಗರದ ವಿಶ್ವವಿದ್ಯಾಲಯಕ್ಕೆ ಸೇರಿದರು. ಮುಂದೆ ಅದೇ ಅವರ ಊರಾಯಿತು.

ಒಂದರ ಹಿಂದೆ ಒಂದು ಪೀಡೆ

ಬೋರ್ಡೋ ಸೀಮೆಯವರಿಗೆ ದ್ರಾಕ್ಷಿ ಎಂದರೆ ನಮಗೆ ಅಡಿಕೆ ಇದ್ದ ಹಾಗೆ. ಮಕ್ಕಳ ಓದು, ಮದುವೆ, ಸಾಲದ ಕಂತು ಎಲ್ಲಾ ಅದರಲ್ಲೇ. ಅಂಥ ಬೆಳೆಗೆ ನಲವತ್ತು ವರ್ಷದಲ್ಲಿ ಮೂರು ದೊಡ್ಡ ಹೊಡೆತ ಬಿತ್ತು. ಮೂರೂ ಅಮೆರಿಕದಿಂದ ಬಂದವು.

ಮೊದಲು ಬಂದದ್ದು ಬೂದಿ ರೋಗ. 1845ರಲ್ಲಿ ಇಂಗ್ಲೆಂಡಿನ ಒಂದು ಗಾಜಿನ ಮನೆಯಲ್ಲಿ ಕಾಣಿಸಿತು. ಎರಡು ವರ್ಷದಲ್ಲಿ ಫ್ರಾನ್ಸಿಗೆ ಬಂತು. ಗಂಧಕದ ಪುಡಿ ಎರಚಿ ಹೇಗೋ ಹತೋಟಿಗೆ ತಂದರು. ಅಮೆರಿಕದ ಬಳ್ಳಿಗೆ ಈ ರೋಗ ಅಷ್ಟು ತಾಗುವುದಿಲ್ಲ ಎಂದು ತಿಳಿದು, ಕೆಲವರು ಅಲ್ಲಿಂದಲೇ ಬಳ್ಳಿ ತರಿಸಿ ನೆಟ್ಟರು. ಹಿಂದೆ ಹಾಯಿ ಹಡಗಿನಲ್ಲಿ ಸಮುದ್ರ ದಾಟಲು ಬಹಳ ದಿನ ಹಿಡಿಯುತ್ತಿತ್ತು. ಬಳ್ಳಿಯ ಜತೆ ಹೊರಟ ಹುಳ ದಾರಿಯಲ್ಲೇ ಸಾಯುತ್ತಿತ್ತು. ಉಗಿ ಹಡಗು ಬಂದ ಮೇಲೆ ಬಳ್ಳಿಯೂ ಜೀವಂತ ಬಂತು, ಹುಳವೂ ಜೀವಂತ ಬಂತು.

ಹಾಗೆ ಬಂದ ಎರಡನೆಯ ಪೀಡೆ ಫಿಲ್ಲಾಕ್ಸೆರಾ. ಒಂದು ಮಿಲಿಮೀಟರು ಉದ್ದ, ಹಳದಿ ಬಣ್ಣ, ಬೇರಿನ ರಸ ಹೀರುವ ಹೇನು. 1863ರಿಂದ ಫ್ರಾನ್ಸಿನ ದಕ್ಷಿಣದಲ್ಲಿ ಬಳ್ಳಿಗಳು ಕಾರಣ ಗೊತ್ತಾಗದೆ ಒಣಗತೊಡಗಿದವು. ಒಣಗಿದ ಬಳ್ಳಿ ಕಿತ್ತು ನೋಡಿದರೆ ಬೇರಿನಲ್ಲಿ ಏನೂ ಇಲ್ಲ. ಐದು ವರ್ಷ ಆದ ಮೇಲೆ, 1868ರಲ್ಲಿ, ಪ್ಲಾಂಶೋ ಎಂಬ ವಿದ್ವಾಂಸರು ಮತ್ತು ಅವರ ಜತೆಗಾರರು ಪಕ್ಕದ ಹಸಿರು ಬಳ್ಳಿಯನ್ನೂ ಕಿತ್ತು ನೋಡಿದರು. ಹೇನು ಅಲ್ಲಿತ್ತು! ಸತ್ತ ಬೇರು ಬಿಟ್ಟು ಜೀವ ಇರುವ ಬೇರಿಗೆ ಅದು ಹೋಗಿಬಿಟ್ಟಿರುತ್ತಿತ್ತು. ನಾವೂ ಸತ್ತ ಗಿಡವನ್ನೇ ನೋಡುತ್ತಾ ನಿಲ್ಲುತ್ತೇವೆ, ಪಕ್ಕದ್ದನ್ನು ನೋಡುವುದಿಲ್ಲ. ಇದನ್ನು ನಾವೆಲ್ಲ ನೆನಪಿಡಬೇಕು.

ಔಷಧ ಕಂಡುಹಿಡಿದವರಿಗೆ 3 ಲಕ್ಷ ಫ್ರಾಂಕ್ ಬಹುಮಾನ ಎಂದು ಫ್ರಾನ್ಸ್ ಸರ್ಕಾರ ಸಾರಿತು. ಆ ಹಣ ಯಾರಿಗೂ ಸಿಗಲಿಲ್ಲ. ತೋಟಕ್ಕೆ ನೀರು ನಿಲ್ಲಿಸಿ ನೋಡಿದರು, ನೆಲದೊಳಗೆ ವಿಷ ಹಾಕಿ ನೋಡಿದರು. ದೇಶದಲ್ಲಿ 1875ರಲ್ಲಿ ಸುಮಾರು 840 ಕೋಟಿ ಲೀಟರ್ ಇದ್ದ ದ್ರಾಕ್ಷಾರಸ 1889ರ ಹೊತ್ತಿಗೆ ಸುಮಾರು 230 ಕೋಟಿ ಲೀಟರಿಗೆ ಇಳಿಯಿತು. ಎಷ್ಟೋ ಸಂಸಾರ ಜಮೀನು ಬಿಟ್ಟು ಸಮುದ್ರ ದಾಟಿ ಆಲ್ಜೀರಿಯಾಕ್ಕೆ ಹೋದವು.

ಕೊನೆಗೆ ಉಳಿದ ದಾರಿ ಒಂದೇ. ಅಮೆರಿಕದ ಬಳ್ಳಿಯ ಬೇರು ಈ ಹೇನನ್ನು ತಡೆದುಕೊಳ್ಳುತ್ತದೆ. ಅದರ ಬೇರಿನ ಮೇಲೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟುವುದು. ಈ ದಾರಿಯ ಪರವಾಗಿ ನಿಂತು ದುಡಿದವರಲ್ಲಿ ಮಿಲಾರ್ಡೆಯವರು ಮುಖ್ಯರು. ಯಾವ ಬಳ್ಳಿಯ ಬೇರು ಎಷ್ಟು ತಡೆಯುತ್ತದೆ ಎಂದು ಪರೀಕ್ಷೆ ಮಾಡಿದರು. ಡಿ ಗ್ರಾಸೆ ಎಂಬ ಜಮೀನುದಾರರ ಜತೆ ಸೇರಿ ಮಿಶ್ರತಳಿಗಳನ್ನು ಬೆಳೆಸಿದರು. ಅವರ 41 ಬಿ ಎಂಬ ಬೇರುಗಿಡ ಸುಣ್ಣದ ನೆಲಕ್ಕೆ ಒಗ್ಗುತ್ತದೆಂದು ಇಂದಿಗೂ ಬಳಕೆಯಲ್ಲಿದೆ.

ಆದರೆ ಕಸಿಗಾಗಿ ಲಕ್ಷಗಟ್ಟಲೆ ಅಮೆರಿಕದ ಬಳ್ಳಿ ಬರುತ್ತಿರುವಾಗಲೇ ಮೂರನೆಯ ಪೀಡೆಯೂ ಅದರ ಜತೆಗೇ ಬಂತು. ಅದೇ ಕೇದಿಗೆ ರೋಗ, ಅಂದರೆ ಬೂಜು ತುಪ್ಪಟ ರೋಗ. 1878ರಲ್ಲಿ ಫ್ರಾನ್ಸಿನಲ್ಲಿ ಮೊದಲು ಕಾಣಿಸಿತು. ಮಳೆ, ಮಂಜು ಇದ್ದರೆ ಎಲೆಯ ಅಡಿಗೆ ಬಿಳಿ ಬೂಷ್ಟು ಬಂದು ಎಲೆಯೆಲ್ಲ ಉದುರುತ್ತಿತ್ತು. ಎಲೆ ಇಲ್ಲದೆ ಹಣ್ಣು ಮಾಗುವುದು ಹೇಗೆ? ಒಂದು ರೋಗಕ್ಕೆ ಪರಿಹಾರ ಎಂದು ತಂದ ಗಿಡವೇ ಇನ್ನೊಂದನ್ನು ತಂದಿತ್ತು.

ರಸ್ತೆ ಬದಿಯ ಬಳ್ಳಿಗಳು

1882ರ ಅಕ್ಟೋಬರ್ ಕೊನೆ. ಮಿಲಾರ್ಡೆಯವರು ಬೋರ್ಡೋ ಹತ್ತಿರ ಮೆಡಾಕ್ ಸೀಮೆಯ ಸೇಂಟ್ ಜೂಲಿಯನ್ ಎಂಬಲ್ಲಿ ತೋಟಗಳ ನಡುವೆ ನಡೆದು ಹೋಗುತ್ತಿದ್ದರು. ಆ ವರ್ಷ ರೋಗ ಜೋರು. ಎಲ್ಲಾ ತೋಟ ಬೋಳು. ಆದರೆ ಒಂದು ತೋಟದಲ್ಲಿ ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಹಾಗೇ ನಿಂತಿತ್ತು. ಎಲೆಯ ಮೇಲೆ ನೀಲಿ ಬಣ್ಣದ ಪುಡಿ ಅಂಟಿತ್ತು.

ನಾವಾದರೆ ನೋಡಿ ಮುಂದೆ ಹೋಗುತ್ತಿದ್ದೆವೇನೋ. ಅವರು ನಿಂತರು. ತೋಟದ ಪಾರುಪತ್ಯಗಾರ ಅರ್ನೆಸ್ಟ್ ಡೇವಿಡ್ ಎಂಬವರನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದರು. ಸಂಗತಿ ಇಷ್ಟೆ. ದಾರಿಹೋಕರು ಹಣ್ಣು ಕದ್ದು ತಿನ್ನುತ್ತಾರೆ ಎಂದು ಅಲ್ಲಿನವರು ಮೈಲುತುತ್ತಕ್ಕೆ ಸುಣ್ಣ ಕಲಸಿ ರಸ್ತೆ ಬದಿಯ ಬಳ್ಳಿಗೆ ಎರಚುತ್ತಿದ್ದರು. ವಿಷ ಹಾಕಿದ ಹಾಗೆ ಕಾಣಬೇಕು, ಕಳ್ಳ ಹೆದರಬೇಕು, ಅಷ್ಟೆ. ನಮ್ಮಲ್ಲಿ ಬೇಲಿಗೆ ಬೆರ್ಚಪ್ಪ ನಿಲ್ಲಿಸುವ ಹಾಗೆ. ಅದೇ ಮದ್ದು ರೋಗವನ್ನೂ ಹೆದರಿಸಿ ಓಡಿಸಿತ್ತು.

ಇದಕ್ಕೆ ಮೊದಲೇ ಅವರಿಗೆ ಒಂದು ಸುಳಿವು ಇತ್ತು. ತಮ್ಮ ಬಾವಿಯ ನೀರಿನಲ್ಲಿ ಹಾಕಿದರೆ ಈ ರೋಗದ ಬೀಜಾಣು ಮೊಳೆಯುತ್ತಿರಲಿಲ್ಲ. ಆ ಬಾವಿಯ ಪಂಪು ತಾಮ್ರದ್ದು. ಈಗ ಎರಡೂ ಕೂಡಿ ಲೆಕ್ಕ ಸರಿಹೋಯಿತು.

ಹಾಗೆಂದು ಮರುದಿನವೇ ಡಂಗುರ ಹೊಡೆಯಲಿಲ್ಲ. ಡೇವಿಡ್ ಅವರ ಜತೆ ಸೇರಿ ಎರಡು ಮೂರು ವರ್ಷ ತೋಟದಲ್ಲೇ ಪ್ರಯೋಗ ಮಾಡಿದರು. ಕೆಲವು ಸಾಲಿಗೆ ಮದ್ದು ಹಾಕಿ, ಕೆಲವು ಸಾಲು ಬಿಟ್ಟು ನೋಡಿದರು. 1885ರಲ್ಲಿ ಮದ್ದು ಹಾಕಿದ ಬಳ್ಳಿ ಹಸಿರಾಗಿತ್ತು, ಹಾಕದ್ದು ಬೋಳಾಗಿತ್ತು. ಆಮೇಲೆ ವಿವರ ಪ್ರಕಟಿಸಿದರು. ಹಣ್ಣಿನ ರಸಕ್ಕೆ ತಾಮ್ರ ಸೇರಿ ಜನಕ್ಕೆ ಕೆಡುಕಾದೀತೇ ಎಂಬ ಭಯವೂ ಇತ್ತು. ಗಯೋಂ ಎಂಬ ರಸಾಯನ ಶಾಸ್ತ್ರಜ್ಞರ ಜತೆ ಅದನ್ನೂ ಪರೀಕ್ಷಿಸಿ, ಭಯ ಬೇಡ ಎಂದು ತೋರಿಸಿದರು.

ಅವರ ಮೊದಲ ಅಳತೆ ಹೀಗಿತ್ತು: 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತ; ಬೇರೆ ಪಾತ್ರೆಯಲ್ಲಿ 30 ಲೀಟರ್ ನೀರಿಗೆ 15 ಕಿಲೋ ಸುಣ್ಣ. ಎರಡನ್ನೂ ಕೂಡಿಸಿದರೆ ನೀಲಿ ಗಂಜಿಯ ಹಾಗೆ ಆಗುತ್ತಿತ್ತು. ಫ್ರೆಂಚರು ಅದಕ್ಕೆ ಇಟ್ಟ ಹೆಸರಿನ ಅರ್ಥವೂ ಬೋರ್ಡೋ ಗಂಜಿ ಎಂದೇ. ಆಳುಗಳು ಬಕೆಟಿನಲ್ಲಿ ಹೊತ್ತು, ಸಣ್ಣ ಹಿಡಿಗಳಿಂದ ಬಳ್ಳಿಗೆ ಚಿಮುಕಿಸುತ್ತಿದ್ದರು. ಮುಂದೆ ಪಂಪುಗಳು ಬಂದವು, ಅಳತೆಯೂ ಕಡಿಮೆಯಾಯಿತು. ಈಗ ನಾವು 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕುತ್ತೇವೆ. ಕತ್ತಿಯ ಅಲಗು ಅದ್ದಿದಾಗ ಕೆಂಪಗೆ ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕು ಎಂದು ನಮ್ಮ ಕೊನೆಗೌಡರಿಗೂ ಗೊತ್ತು.

ಫ್ರಾನ್ಸಿನಿಂದ ಮಲೆನಾಡಿಗೆ

ಮಿಲಾರ್ಡೆಯವರು 1902ರ ಡಿಸೆಂಬರ್ 15ರಂದು ಬೋರ್ಡೋ ನಗರದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಮದ್ದು ದ್ರಾಕ್ಷಿಯಿಂದ ಆಲೂಗಡ್ಡೆಗೆ, ಫ್ರಾನ್ಸಿನಿಂದ ಬೇರೆ ದೇಶಗಳಿಗೆ ಹೋಗಿತ್ತು. ನಮ್ಮ ಮೈಸೂರು ಸೀಮೆಗೆ 1908ರಲ್ಲಿ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು ಬಂದರು. ಅವರು ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗದ ಅಧ್ಯಯನ ಮಾಡಿ, ಮಳೆಗೆ ಮೊದಲೇ ಕೊನೆಗೆ ಬೋರ್ಡೋ ಹೊಡೆಯಲು ಹೇಳಿಕೊಟ್ಟರು. ಅದಕ್ಕೆ ಮೊದಲು ನಮ್ಮ ಹಿರಿಯರಿಗೆ ಕೊಟ್ಟೆ ಕಟ್ಟುವುದೊಂದೇ ಉಪಾಯ. ಕೊಳೆರೋಗದ ಜೀವಿ ಐರ್ಲೆಂಡಿನ ಆಲೂಗಡ್ಡೆ ಅಂಗಮಾರಿಯ ಜೀವಿಗೆ ದಾಯಾದಿ. ಆದ್ದರಿಂದಲೇ ಒಂದೇ ಮದ್ದು ನಡೆಯಿತು.

ಮದ್ದಿನ ಜತೆ ಇನ್ನೊಂದು ಪಾಠವೂ ಆ ಕಾಲದಲ್ಲೇ ಬಂತು. 1878ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ಊರಿನಲ್ಲಿ ಫ್ರಾನ್ಸ್, ಜರ್ಮನಿ ಮುಂತಾದ ದೇಶಗಳು ಕೂಡಿ ಫಿಲ್ಲಾಕ್ಸೆರಾ ತಡೆಯಲು ಒಪ್ಪಂದ ಮಾಡಿಕೊಂಡವು. ಬಳ್ಳಿ ಗಡಿ ದಾಟುವುದಕ್ಕೆ ಕಟ್ಟುಪಾಡು ಬಂತು. ಗಿಡದ ರೋಗ ತಡೆಯಲು ದೇಶ ದೇಶಗಳು ಕೂಡಿದ್ದು ಅದೇ ಮೊದಲು. ನಮ್ಮ ದೇಶದಲ್ಲಿ 1914ರಲ್ಲಿ ಕೀಟಪೀಡೆಗಳ ಕಾನೂನು ಆಯಿತು. 1951ರಲ್ಲಿ ಜಗತ್ತಿಗೆಲ್ಲ ಒಂದು ಸಸ್ಯ ಸಂರಕ್ಷಣಾ ಒಪ್ಪಂದ ಆಗಿ, ಇಂದು 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಆದರೂ ಪೀಡೆ ಬರುತ್ತಲೇ ಇದೆ. ಅಮೆರಿಕದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಂಡು, 2018ರಲ್ಲಿ ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಕ್ಕೇ ಬಂತು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ಅಲ್ಲೇ. ನೋಡುವ ಕಣ್ಣು ಇದ್ದದ್ದರಿಂದ ಬೇಗ ಗೊತ್ತಾಯಿತು, ಬೇರೆ ಕಡೆಯ ರೈತರಿಗೂ ಎಚ್ಚರಿಕೆ ಹೋಯಿತು.

ನನ್ನದೊಂದು ತಪ್ಪು

ಇಷ್ಟೆಲ್ಲ ಬರೆಯುವ ನಾನೇನು ಸಾಚಾ ಅಲ್ಲ. ಹನ್ನೆರಡು ವರ್ಷದ ಹಿಂದೆ ದೂರದ ಒಂದು ನರ್ಸರಿಯಲ್ಲಿ ಕಾಳುಮೆಣಸಿನ ಗಿಡ ಎರಡು ರೂಪಾಯಿ ಅಗ್ಗಕ್ಕೆ ಸಿಗ್ತದೆ ಎಂದು ಯಾರನ್ನೂ ಕೇಳದೆ ಇನ್ನೂರು ಗಿಡ ತಂದು ನೆಟ್ಟೆ. ಮೊದಲ ಮಳೆಗಾಲದಲ್ಲೇ ಸೊರಗು ರೋಗ ಬಂತು. ನನ್ನ ಹಳೇ ಬಳ್ಳಿಯೂ ಹೋಯಿತು. ಹೋಗಲಿ ಎಂದರೆ, ನನ್ನ ಬಸಿಗಾಲುವೆಯ ನೀರು ಇಳಿಯುವುದು ಕೆಳಗಿನ ತೋಟಕ್ಕೆ. ಮಾರನೇ ವರ್ಷ ಅಲ್ಲಿಯ ಅಣ್ಣನ ಬಳ್ಳಿಗಳೂ ಬಾಡಿದವು. ಅವರಪ್ಪನ ಕಾಲದ ಬಳ್ಳಿಗಳು ಅವು. ಅವರು ನನಗೆ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಆಡಿದ್ದರೇ ಚೆನ್ನಾಗಿತ್ತು. ಈ ಬರಹದ ಮೂಲಕ ಅವರ ಕ್ಷಮೆ ಕೇಳುತ್ತೇನೆ.

ಮಿಲಾರ್ಡೆಯವರಿಂದ ನಾನು ಕಲಿತದ್ದು ಎರಡು. ಹೊರಗಿನಿಂದ ಗಿಡ ತರುವಾಗ ಅದರ ಬೇರಿನಲ್ಲಿ, ಮಣ್ಣಿನಲ್ಲಿ ಏನು ಬರ್ತದೆ ಎಂದು ಮೊದಲು ನೋಡಬೇಕು. ತೋಟದಲ್ಲಿ ಹೊಸದೇನಾದರೂ ಕಂಡರೆ ಮುಚ್ಚಿಡದೆ ಹೇಳಬೇಕು, ಕೇಳಬೇಕು. ಅಷ್ಟು ದೊಡ್ಡ ಪ್ರಾಧ್ಯಾಪಕರು ತೋಟದ ಪಾರುಪತ್ಯಗಾರನನ್ನು ಕೇಳಿದರು. ನಮಗೆ ಪಕ್ಕದ ಮನೆಯವರನ್ನು ಕೇಳಲು ಏನು ನಾಚಿಕೆ?

ಆದ್ದರಿಂದ ಬೆಳ್ಳಿಹಬ್ಬದ ನೆನಪಿಗೆ ನನ್ನದೊಂದು ಸೂಚನೆ. ಸಂಘದ ಕಛೇರಿಯಲ್ಲಿ ಒಂದು ರೋಗದ ಪುಸ್ತಕ ಇಡೋಣ. ಯಾರ ತೋಟದಲ್ಲಿ ಹೊಸ ಹುಳ, ಹೊಸ ಚುಕ್ಕೆ, ಹೊಸ ಕೊಳೆ ಕಂಡರೂ ತಾರೀಖು ಹಾಕಿ ಬರೆಯಲಿ. ಹೊರಗಿನಿಂದ ಗಿಡ ತಂದವರು ಎಲ್ಲಿಂದ, ಎಷ್ಟು ಎಂದು ಬರೆಯಲಿ. ವಾರಕ್ಕೊಮ್ಮೆ ಕಾರ್ಯದರ್ಶಿಗಳು ಅದನ್ನು ಕೃಷಿ ಮತ್ತು ತೋಟಗಾರಿಕೆ ಇಲಾಖೆಯವರಿಗೆ ತಿಳಿಸಲಿ. ಖರ್ಚು ಒಂದು ನೋಟ್ ಪುಸ್ತಕದ್ದು ಮಾತ್ರ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ಮಂಡಿಸುತ್ತೇನೆ. ದಯಮಾಡಿ ಎಲ್ಲರೂ ಅನುಮೋದಿಸಬೇಕು. ಮೊದಲ ಪುಟದಲ್ಲಿ ನನ್ನ ಇನ್ನೂರು ಮೆಣಸಿನ ಗಿಡದ ಲೆಕ್ಕವನ್ನು ನಾನೇ ಬರೆಯುತ್ತೇನೆ.